ಫೆರೆಟ್‌ಗಳಿಗೆ ಹಬ್ಬದ ಸ್ನಾನ

ನಮ್ಮ ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ಕಿನ, ಮೂಲೆಯಲ್ಲಿ ಒಂದು ಮರದ ಗೂಡು ಇನ್ನೂ ಇದೆ. ಖಾಲಿ. ಅದನ್ನು ಬಿಚ್ಚಿ ಎಸೆಯುತ್ತೇನೆಂದು ನನ್ನ ಗಂಡ ಎರಡು ಸಲ ಸ್ಕ್ರೂಡ್ರೈವರ್ ಹಿಡಿದು ಹೋಗಿ, ಎರಡು ಸಲವೂ ಹಾಗೇ ವಾಪಸು ಬಂದರು. ನಾನು ಎಸೆಯಿರಿ ಎನ್ನುವುದಿಲ್ಲ, ಇರಲಿ ಎನ್ನುವುದೂ ಇಲ್ಲ. ಅಡುಗೆಮನೆಯ ಕಿಟಕಿಯಿಂದ ಅದು ನೇರವಾಗಿ ಕಾಣುತ್ತದೆ. ಬೆಳಿಗ್ಗೆ ಕಾಫಿ ಸೋಸುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಹೋಗಲಿ, ನನಗೆ ಅಷ್ಟಾದರೂ ಆಗಬೇಕು.

ಅಮೆರಿಕದ ಜರ್ಮನ್‌ಟೌನಿನ ಈ ಟೌನ್‌ಹೌಸಿಗೆ ನಾವು ಬಂದದ್ದು ಕೋವಿಡ್ ಶುರುವಾದ ಮರುವರ್ಷ. ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಮುದುಕರಿದ್ದರು. ಅವರ ಹಿತ್ತಲಿನಲ್ಲಿ ಎರಡು ಫೆರೆಟ್‌ಗಳು. ನೋಡದವರಿಗೆ ಹೇಳುವುದಾದರೆ, ಮುಂಗುಸಿಯನ್ನು ಸ್ವಲ್ಪ ಗಿಡ್ಡ ಮಾಡಿ, ತುಪ್ಪಳ ಜಾಸ್ತಿ ಹಾಕಿ, ತಂಟೆಯನ್ನು ಎರಡು ಪಾಲು ಸೇರಿಸಿದರೆ ಆಗುವ ಪ್ರಾಣಿ. ಒಂದು ಕಂದು, ಇನ್ನೊಂದು ಬಿಳಿ. ಶಾಲೆ ಲ್ಯಾಪ್‌ಟಾಪಿನೊಳಗೆ ನಡೆಯುತ್ತಿದ್ದ ಕಾಲ. ನಮ್ಮ ಒಬ್ಬಳೇ ಮಗಳು, ಆಗ ಒಂಬತ್ತು ವರ್ಷ, ಬೇಲಿಯ ಹತ್ತಿರ ನಿಂತು ಗಂಟೆಗಟ್ಟಲೆ ಅವುಗಳೊಂದಿಗೆ ಮಾತಾಡುತ್ತಿದ್ದಳು. ಮುದುಕರು ತಮ್ಮ ಮಗಳ ಮನೆಗೆ ಇರಲು ಹೋಗುವಾಗ ಗೂಡು ಸಮೇತ ಅವನ್ನು ನನ್ನ ಮಗಳಿಗೇ ಕೊಟ್ಟರು. ನನ್ನನ್ನು ಕೇಳಿಯೇ ಕೊಟ್ಟರು. ಹೂಂ ಎಂದವಳು ನಾನೇ, ಆದರೆ ಒಂದು ಷರತ್ತಿನ ಮೇಲೆ.

ಷರತ್ತು ಏನೆಂದರೆ, ಅವು ಮನೆಯೊಳಗೆ ಬರಬಾರದು. ಫೆರೆಟ್ ಅಪ್ಪಟ ಮಾಂಸಾಹಾರಿ. ಮೊಸರನ್ನ ಕಲಸಿಟ್ಟರೆ ಬದುಕುವ ಜೀವವಲ್ಲ. ನಮ್ಮದು ಮೊಟ್ಟೆಯನ್ನೂ ತರದ ಮನೆ. ನಾನು ಕೆಲಸ ಮಾಡುವುದು ಒಂದು ಬಯೋಟೆಕ್ ಲ್ಯಾಬಿನಲ್ಲಿ. ದಿನವಿಡೀ ಕರುವಿನ ರಕ್ತದಿಂದ ತೆಗೆದ ಸೀರಮ್ ಹಾಕಿ ಜೀವಕೋಶ ಬೆಳೆಸುತ್ತೇನೆ. ಅದೇ ಕೈ ಮನೆಗೆ ಬಂದ ಕೂಡಲೇ ಕೋಳಿಯ ಚೂರು ಹೊಸಿಲು ದಾಟಬಾರದು ಎನ್ನುತ್ತದೆ. ಇದರಲ್ಲಿ ಅರ್ಥವಿಲ್ಲವೆಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬಿಡಲಿಲ್ಲ. ಗರಾಜಿನಲ್ಲಿ ಪುಟ್ಟ ಫ್ರಿಜ್ ಇಟ್ಟು, ಮಾಂಸದ ಉಸ್ತುವಾರಿ ಗಂಡನಿಗೆ ವಹಿಸಿ, ಗೂಡನ್ನು ಡೆಕ್ಕಿಗೆ ಸಾಗಿಸಿದ್ದಾಯಿತು.

ಮುದುಕರು ಹೋಗುವ ಮುನ್ನ ಚಳಿಗಾಲದ ಬಗ್ಗೆ ಒಂದು ಕಾಗದ ಬರೆದುಕೊಟ್ಟಿದ್ದರು. ಎರಡು ಬದಿ, ನಡುಗುವ ಅಕ್ಷರ. ಈ ಪ್ರಾಣಿಗೆ ಚಳಿಗಿಂತ ಒದ್ದೆ ಶತ್ರು ಎಂಬುದೇ ಅದರ ಸಾರ. ಮಲಗುವ ಪೆಟ್ಟಿಗೆಗೆ ಒಣಹುಲ್ಲು ತುಂಬಬೇಕು, ಕಂಬಳಿ ಕೂಡದು, ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗೂಡಿನ ಬೆನ್ನು ಗಾಳಿಗೆ ಇರಬೇಕು, ಆದರೆ ಮೇಲಿನ ಕಿಂಡಿ ಮುಚ್ಚಬಾರದು, ಅವುಗಳ ಉಸಿರೇ ಒಳಗೆ ನೀರಾಗಿ ಇಳಿಯುತ್ತದೆ. ನೀರು ಹೆಪ್ಪುಗಟ್ಟಿದೆಯೇ ಎಂದು ದಿನಕ್ಕೆ ಎರಡು ಮೂರು ಸಲ ನೋಡಬೇಕು. ಚಳಿಗಾಲದಲ್ಲಿ ಕೊಬ್ಬು ಜಾಸ್ತಿ ತಿನ್ನಿಸಬೇಕು. ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಗರಾಜಿಗೆ ತರಬೇಕು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದರು: ಅಕ್ಟೋಬರಿನಿಂದ ಮಾರ್ಚಿನವರೆಗೆ ಸ್ನಾನ ಮಾಡಿಸಲೇಬೇಡಿ.

ಮೊದಲ ಚಳಿಗಾಲ ನಾನು ಆ ಕಾಗದವನ್ನು ಲ್ಯಾಬಿನ ಪ್ರೋಟೋಕಾಲ್ ಥರ ಪಾಲಿಸಿದೆ. ಗೂಡಿನೊಳಗೊಂದು ಥರ್ಮಾಮೀಟರ್ ತೂಗುಹಾಕಿದೆ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಸಂಜೆ ಡಿಗ್ರಿ ಬರೆದಿಡುತ್ತಿದ್ದಳು. ಹುಲ್ಲಿನೊಳಗೆ ಕೈ ಹಾಕಿ ಬೆಚ್ಚಗಿದೆಯೇ, ಒಣಗಿದೆಯೇ ಎಂದು ನೋಡಿ, ತೇವವಿದ್ದರೆ ಅಷ್ಟನ್ನೂ ತೆಗೆದು ಹೊಸದು ತುಂಬುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ಎರಡಕ್ಕೂ ತುಪ್ಪಳ ದಟ್ಟವಾಗಿ ಬೆಳೆದು, ಎರಡೂ ಗುಂಡುಗುಂಡಗಾದವು. ಹಿಮ ಬಿದ್ದ ದಿನ ಡೆಕ್ಕಿನ ಮೇಲೆ ಸುರಂಗ ಕೊರೆದು ಆಡಿದವು. ಎಲ್ಲಾ ಅಮ್ಮನಿಗೆ ಗೊತ್ತು ಎಂದು ಮಗಳು ನಂಬಿದ್ದ ಕಾಲ ಅದು. ನಾನೂ ನಂಬಿದ್ದೆ.

ಎರಡನೆಯ ಚಳಿಗಾಲಕ್ಕೆ ಧಾರವಾಡದಿಂದ ನಮ್ಮ ಅತ್ತೆ ಬಂದರು, ಆರು ತಿಂಗಳ ಮಟ್ಟಿಗೆ. ಬೆಳಿಗ್ಗೆ ಎದ್ದು ಸ್ನಾನ, ಪೂಜೆ, ನೈವೇದ್ಯ, ಆಮೇಲೆಯೇ ಚಹಾ. ಅವರು ಬಂದ ಮೇಲೆ ನನ್ನ ಷರತ್ತು ಇನ್ನಷ್ಟು ಬಿಗಿಯಾಯಿತು. ಡೆಕ್ಕಿಗೆ ಹೋಗಿ ಬಂದರೆ ಮಗಳು ಕೈಕಾಲು ತೊಳೆದು ಬಟ್ಟೆ ಬದಲಾಯಿಸಬೇಕು. ಅತ್ತೆ ಏನಂದುಕೊಂಡಾರು ಎಂಬ ಒಂದು ಮಾತು ನನ್ನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ಅವರು ಮಾತ್ರ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಫೆರೆಟ್‌ಗಳ ಕುಸ್ತಿ ನೋಡಿ ನಗುತ್ತಿದ್ದರು. ಅದು ನನಗೆ ಕಾಣಲಿಲ್ಲ ಎನ್ನಲಾರೆ. ಕಂಡಿತ್ತು.

ಆ ವರ್ಷ ಸಂಕ್ರಾಂತಿ ಭಾನುವಾರ ಬಂತು. ಹಬ್ಬದ ದಿನವಾದರೂ ಅವೆರಡನ್ನೂ ಸ್ವಲ್ಪ ಹೊತ್ತು ಒಳಗೆ ಕರೆಯೋಣ ಎಂದು ಮಗಳು ಒಂದು ವಾರದಿಂದ ಬೇಡಿಕೊಳ್ಳುತ್ತಿದ್ದಳು. ಅವುಗಳಿಗೂ ಹಬ್ಬ ಅಲ್ಲವಾ ಎಂಬುದು ಅವಳ ವಾದ. ಆಗಲಿ ಎಂದೆ, ಆದರೆ ಒಳಗೆ ಬರುವ ಮುನ್ನ ಅವಕ್ಕೂ ಸ್ನಾನವಾಗಬೇಕು ಎಂದೆ. ಹಬ್ಬದ ದಿನ ಮನೆಮಂದಿಗೆಲ್ಲಾ ತಲೆಸ್ನಾನವಾಗಿರುವಾಗ ಮೈಲಿಗೆಯ ಎರಡು ಪ್ರಾಣಿಗಳು ದೇವರ ಮುಂದೆ ಓಡಾಡುವುದು ಹೇಗೆ? ಕಾಗದದಲ್ಲಿ ಹಾಗಿಲ್ಲವಲ್ಲ ಎಂದು ಮಗಳು ನೆನಪಿಸಿದಳು. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಚೆನ್ನಾಗಿ ಒಣಗಿಸಿಬಿಡೋಣ ಎಂದೆ.

ಗರಾಜಿನ ಲಾಂಡ್ರಿ ಸಿಂಕಿನಲ್ಲಿ ಬಿಸಿನೀರು, ಬೇಬಿ ಶಾಂಪೂ. ಟವೆಲ್ಲಿನಲ್ಲಿ ಉಜ್ಜಿ, ಡ್ರೈಯರ್ ಹಿಡಿದಿದ್ದಾಯಿತು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ನನಗೆ ಮಗಳು ಹುಟ್ಟಿದಾಗಿನ ನನ್ನ ಬಾಣಂತನ ನೆನಪಾಯಿತು. ಎರೆದ ಮೇಲೆ ಶೀತವಾಗದಿರಲೆಂದು ನಮ್ಮಮ್ಮ ಮಗುವಿಗೆ ಹಾಕುತ್ತಿದ್ದ ಸಾಂಬ್ರಾಣಿ ಹೊಗೆ. ಇಂಡಿಯನ್ ಸ್ಟೋರಿನ ಸಾಂಬ್ರಾಣಿ ಕಪ್ ಒಂದನ್ನು ಹಚ್ಚಿ, ಬುಟ್ಟಿ ಕವುಚಿ, ಒಂದೊಂದಾಗಿ ಎರಡನ್ನೂ ಆ ಹೊಗೆಯ ಮೇಲೆ ಹಿಡಿದೆ. ಬಿಳಿಯದು ಸೀನಿತು, ಕೈಯಿಂದ ನುಣುಚಿಕೊಳ್ಳಲು ನೋಡಿತು. ನಾನು ಬಿಡಲಿಲ್ಲ. ಮಗುವನ್ನು ಹಿಡಿದಷ್ಟೇ ಪ್ರೀತಿಯಿಂದ ಹಿಡಿದಿದ್ದೆ.

ಒಳಗೆ ಬಂದ ಮೇಲಿನ ಒಂದೂವರೆ ಗಂಟೆ ನಮ್ಮ ಮನೆ ನಕ್ಕಷ್ಟು ಇನ್ನೆಂದೂ ನಕ್ಕಿಲ್ಲ. ಸೋಫಾದ ಅಡಿ, ಪರದೆಯ ಹಿಂದೆ, ಅತ್ತೆಯ ಸೀರೆಯ ನೆರಿಗೆಯ ಪಕ್ಕ. ಒಂದು ಸಕ್ಕರೆ ಅಚ್ಚನ್ನು ಕದ್ದು ಬಿಳಿಯದು ಸೋಫಾದ ಕೆಳಗೆ ಬಚ್ಚಿಟ್ಟಿತು. ಮಗಳು ಕಾರ್ಪೆಟ್ಟಿನ ಮೇಲೆ ಉರುಳಾಡಿ ನಗುತ್ತಿದ್ದಳು. ಎಳ್ಳುಬೆಲ್ಲಕ್ಕೆ ಐದು ಗಂಟೆಗೆ ಜನ ಬರುವವರಿದ್ದರು. ನಾಲ್ಕಕ್ಕೆ ನಾನು ಗಡಿಯಾರ ನೋಡಿದೆ. ಇನ್ನು ಅವನ್ನು ಹೊರಗೆ ಬಿಡು ಎಂದೆ.

ಮಗಳು ಬಿಳಿಯದನ್ನು ಎತ್ತಿಕೊಂಡು ಹೊಟ್ಟೆಯ ಹತ್ತಿರ ಬೆರಳು ಹಾಕಿ ನೋಡಿದಳು. "ಅಮ್ಮ, ಇನ್‌ಸೈಡ್ ಸ್ಟಿಲ್ ವೆಟ್ ಇದೆ," ಎಂದಳು.

ನಾನು ಮೇಲೆ ಮೇಲೆ ಬೆನ್ನು ಸವರಿದೆ. ನನ್ನ ಇನ್ನೊಂದು ಕೈಯಲ್ಲಿ ಕೋಸಂಬರಿಯ ಪಾತ್ರೆಯಿತ್ತು.

"ಒಣಗಿದೆ ಪುಟ್ಟ," ಎಂದೆ.

ಹೊರಗೆ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಗರಾಜಿಗೆ ತರಬೇಕಾದಷ್ಟು ಚಳಿಯಲ್ಲ ಎಂದು ಕಾಗದವೇ ಹೇಳಿತ್ತು. ಆ ಲೆಕ್ಕ ಒಣಗಿದ ಮೈಗೆ, ಎಣ್ಣೆಯಂಶ ತೊಳೆದುಹೋಗದ ತುಪ್ಪಳಕ್ಕೆ ಎಂಬುದು ಹೊಳೆಯಲಿಲ್ಲ. ಲ್ಯಾಬಿನಲ್ಲಿ ಡಿಗ್ರಿಯ ಮೇಲೆ ಡಿಗ್ರಿ ಬರೆದು ಸಂಬಳ ತೆಗೆದುಕೊಳ್ಳುವ ನನಗೆ ಹೊಳೆಯಲಿಲ್ಲ. ಮಗಳಿಗೆ ಹೊಳೆದಿತ್ತು. ಆದರೆ ಅವಳು ಅಮ್ಮ ಹೇಳಿದ್ದಕ್ಕೆ ಹೂಂ ಎಂದು ಎರಡನ್ನೂ ಹುಲ್ಲಿನೊಳಗೆ ಬಿಟ್ಟು ಬಂದಳು.

ಮರುದಿನ ಬೆಳಿಗ್ಗೆ ಕಂದು ಬಣ್ಣದ್ದು ಊಟಕ್ಕೆ ಬಂತು, ಬಿಳಿಯದು ಬರಲಿಲ್ಲ. ಅದರ ಸುತ್ತಲಿನ ಹುಲ್ಲು ತೇವವಾಗಿತ್ತು. ಹೊಟ್ಟೆಯಿಂದ ಉಸಿರು ಎಳೆಯುತ್ತಿತ್ತು. ಫೆರೆಟ್ ನೋಡುವ ಡಾಕ್ಟರ್ ಎಲ್ಲ ಕಡೆ ಇರುವುದಿಲ್ಲ. 270 ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೋಗುವಾಗ ಮಗಳು ಅದನ್ನಿಟ್ಟಿದ್ದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ತನ್ನ ಜಾಕೆಟ್ ಹೊದಿಸಿದ್ದಳು. ನ್ಯುಮೋನಿಯಾ ಎಂದರು ಡಾಕ್ಟರ್. ನಾನು ಏನೇನು ಮಾಡಿದೆನೆಂದು ಒಂದೂ ಬಿಡದೆ ಹೇಳಿದೆ. ಸ್ನಾನವೋ, ಹೊಗೆಯೋ, ಬೆಚ್ಚಗಿನ ಮನೆಯಿಂದ ಒಮ್ಮೆಲೇ ಹೊರಗೆ ಬಿಟ್ಟದ್ದೋ, ಯಾವುದರಿಂದ ಎಂದು ಕೇಳಿದೆ. ಬೇರ್ಪಡಿಸಿ ಹೇಳಲಾಗುವುದಿಲ್ಲ ಎಂದರು. ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ಅದು ಆಸ್ಪತ್ರೆಯಲ್ಲೇ ಸತ್ತುಹೋಯಿತು.

ಖಾಲಿ ಡಬ್ಬ ಹಿಡಿದು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗಳು ಸೀದಾ ಮೇಲೆ ಹೋದಳು. ನಾನು ಕುಳಿತು, ಇಷ್ಟು ಚಳಿಯಲ್ಲಿ ಹೊರಗಿಟ್ಟದ್ದೇ ತಪ್ಪಾಯಿತು, ಆದರೆ ಮನೆಯಲ್ಲಿ ಮಡಿ, ಪೂಜೆ ಎಂದು ಏನೋ ತೊದಲಿದೆ. ತಪ್ಪನ್ನು ಅರ್ಧ ಅವರ ತಲೆಗೆ ಕಟ್ಟುತ್ತಿದ್ದೆ, ಸುಳ್ಳೇಕೆ. ಅತ್ತೆ ಎದುರಿನ ಕುರ್ಚಿ ಎಳೆದು ಕೂತರು.

"ಒಳಗ ಇಟ್ಕೊಂಡಿದ್ರ ಏನಾಗ್ತಿತ್ತವ್ವ? ನಮ್ಮ ಮನ್ಯಾಗ ಬೆಕ್ಕು ಇಲಿ ಹಿಡದು ದೇವರ ಮನಿ ಮುಂದ ಕುಂತು ತಿಂತಿತ್ತು. ಒರಸಿ ಪೂಜಾ ಮಾಡ್ತಿದ್ದೆ. ನಾ ಯಾವಾಗ ಬ್ಯಾಡ ಅಂದೆ?"

ಅಂದಿರಲಿಲ್ಲ. ನಾನು ಕೇಳಿರಲೂ ಇಲ್ಲ. ಒಂದು ಮಾತು ಕೇಳಿದ್ದರೆ ಸ್ನಾನವೂ ಇರುತ್ತಿರಲಿಲ್ಲ, ಹೊಗೆಯೂ ಇರುತ್ತಿರಲಿಲ್ಲ. ಅವರ ಹೆಸರು ಹೇಳಿ ನಾನು ಕಾಪಾಡಿಕೊಂಡದ್ದು ನನ್ನದೇ ಮಡಿ.

ಅಂದೇ ಕಂದು ಬಣ್ಣದ್ದನ್ನು ಒಳಗೆ ತಂದೆವು. ಅತ್ತೆಯೇ ತಮ್ಮ ಹಳೆಯ ಸೀರೆಯೊಂದನ್ನು ಮಡಚಿ ಹಾಸಿಗೆ ಮಾಡಿದರು. ಆದರೆ ಅದು ಮಲಗಲಿಲ್ಲ. ಸೋಫಾದ ಅಡಿ, ಪರದೆಯ ಹಿಂದೆ, ಹಬ್ಬದ ದಿನ ಎರಡೂ ಓಡಾಡಿದ ಜಾಗದಲ್ಲೆಲ್ಲಾ ಮೂಸಿ ಮೂಸಿ ಹುಡುಕಿತು. ನಾಲ್ಕನೆಯ ದಿನ ಸೋಫಾದ ಕೆಳಗಿನಿಂದ ಆ ಸಕ್ಕರೆ ಅಚ್ಚನ್ನು ಕಚ್ಚಿಕೊಂಡು ಬಂದು ಮಗಳ ಕಾಲ ಬಳಿ ಇಟ್ಟಿತು. ಹೀಟರಿನ ಬಿಸಿಗೆ ಅದರ ಚಳಿಗಾಲದ ತುಪ್ಪಳ ಉದುರತೊಡಗಿತು. ಇನ್ನು ಹೊರಗೆ ಬಿಡುವಂತೆಯೂ ಇರಲಿಲ್ಲ. ಊಟ ಕಡಿಮೆ ಮಾಡಿತು. ಜೊತೆಗೆ ಇನ್ನೊಂದು ತರೋಣವೆಂದರೆ ಮಗಳು ಬೇಡವೆಂದಳು, ಕಾರಣ ಹೇಳಲಿಲ್ಲ. ಮಾರ್ಚಿನಲ್ಲಿ ಅತ್ತೆ ಊರಿಗೆ ಹೋದರು. ಜೂನ್ ದಾಟುವಷ್ಟರಲ್ಲಿ ಕಂದು ಬಣ್ಣದ್ದೂ ಸತ್ತುಹೋಯಿತು.

ಮಗಳು ನನ್ನನ್ನು ಒಂದು ದಿನವೂ ದೂರಲಿಲ್ಲ. ನಿನ್ನಿಂದಲೇ ಆದದ್ದು ಎಂದು ಕೂಗಾಡಲಿ ಎಂದು ನಾನು ತಿಂಗಳುಗಟ್ಟಲೆ ಕಾದೆ. ಒಮ್ಮೆ ನಾನೇ ಸಾರಿ ಎಂದೆ. "ಇಟ್ಸ್ ಓಕೆ ಅಮ್ಮ," ಎಂದು ಬಾಗಿಲು ಹಾಕಿಕೊಂಡಳು. ಡಿಗ್ರಿ ಬರೆದ ಆ ನೋಟ್‌ಬುಕ್ ಎಲ್ಲಿದೆಯೋ ಗೊತ್ತಿಲ್ಲ. ನಾನು ಕೇಳಿಲ್ಲ.

ಈಗ ಅವಳು ಹೈಸ್ಕೂಲು. ಈ ಜನವರಿಯ ಒಂದು ಬೆಳಿಗ್ಗೆ ತಲೆಸ್ನಾನ ಮಾಡಿ ಬಸ್ಸಿಗೆ ಹೊರಟಿದ್ದಳು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ತಲೆ ಒಣಗಿಸಿಕೊಂಡು ಹೋಗು ಎಂದೆ, ಎಲ್ಲ ತಾಯಂದಿರೂ ಹೇಳುವ ಹಾಗೆ. ಅವಳು ಬ್ಯಾಗ್ ಇಳಿಸಿ ಡ್ರೈಯರ್ ಹಿಡಿದಳು. ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಹತ್ತಿರ ಹೋಗಿ ಅವಳ ಕೂದಲೊಳಗೆ ಬೆರಳು ಹಾಕಿದೆ. ಬುಡದವರೆಗೂ, ಎಲ್ಲ ಕಡೆಯೂ ನಿಧಾನವಾಗಿ ನೋಡಿದೆ. ಎಷ್ಟೋ ದಿನದ ಮೇಲೆ ಅವಳು ತಲೆ ಮುಟ್ಟಲು ಬಿಟ್ಟಿದ್ದಳು.

"ಒಣಗಿದೆ," ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆಮೇಲೆ ತನ್ನದೇ ಬೆರಳುಗಳನ್ನು ಕತ್ತಿನ ಹಿಂದೆ ಕೂದಲೊಳಗೆ ಹಾಕಿ ನೋಡಿಕೊಂಡು, ಡ್ರೈಯರ್ ಮತ್ತೆ ಹಚ್ಚಿದಳು. ಕೂದಲು ನಿಜವಾಗಿಯೂ ಒಣಗಿತ್ತು.