ಡ್ರಿಲ್ ಮಾಸ್ತರರ ನೂರು ಗಜ

ಮೊನ್ನೆ ಗಾಣದ ಅಂಗಡಿಯವನು ಕುಸುಬಿ ಎಣ್ಣೆಯ ಡಬ್ಬಿ ತೆರೆದು, ಮೂಸಿ ನೋಡಿ ಎಂದು ಮೂಗಿನ ಮುಂದೆ ಹಿಡಿದ. ಮೂಸಿದೆ. ಎಣ್ಣೆ ಕೊಳ್ಳುವುದನ್ನು ಮರೆತು ಅಲ್ಲೇ ಬಾಕಿನ ಮೇಲೆ ಕುಳಿತುಬಿಟ್ಟೆ. "ಯಾಕ್ರಿ ಅಜ್ಜಾರ, ತಲಿ ತಿರುಗಿತೇನ್ರಿ? ನೀರು ತರ್ಲೇನು?" ಎಂದು ಅವನು ಗಾಬರಿಯಾದ. ತಲೆ ತಿರುಗಿರಲಿಲ್ಲ. ಹೊಳೆಯ ಬಂಡೆಯ ಮೇಲೆ ನನ್ನನ್ನು ನಿಲ್ಲಿಸಿ, ಚಳಿ ಹತ್ತಬಾರದೆಂದು ಬೆನ್ನಿಗೂ ತೋಳಿಗೂ ಇದೇ ಎಣ್ಣೆ ತಿಕ್ಕುತ್ತಿದ್ದ ಎರಡು ಒರಟು ಕೈ ನೆನಪಾದವು...

ನಮ್ಮ ಡ್ರಿಲ್ ಮಾಸ್ತರರ ಕೈ ಅವು. ನಿಜಾಮರ ಕಾಲ, ನಾನು ಕೊಪ್ಪಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ನಮ್ಮೂರು ಹಿಟ್ನಾಳದ ಆಚೆ, ತುಂಗಭದ್ರೆಯ ದಂಡೆಗೆ. ಶಾಲೆಗೆ ಶುಕ್ರವಾರ ರಜೆ, ಹಾಗಾಗಿ ಗುರುವಾರ ಸಂಜೆ ಸಿಕ್ಕ ಚಕ್ಕಡಿ ಹತ್ತಿ ಊರಿಗೆ ಹೋಗುತ್ತಿದ್ದೆ. ಹೊಳೆಯಾಚೆ ಇಂಗ್ಲಿಷರ ಸೀಮೆ, ಅಲ್ಲಿ ನಮ್ಮದೊಂದು ತುಂಡು ಹೊಲ. ಅರಿವೆ, ಬುತ್ತಿ ಎಲ್ಲ ತಲೆಯ ಮೇಲೆ ಗಂಟು ಕಟ್ಟಿಕೊಂಡು, ತಲೆ ತೋಯಿಸದೆ ಆಚೆ ದಂಡೆಗೆ ಈಜುವುದು ನಮ್ಮವರಿಗೆ ದಾರಿ ನಡೆದಷ್ಟೇ ಸಲೀಸು. ಅದೊಂದು ವಿದ್ಯೆ ಎಂದು ನಮ್ಮ ಕನಸಿನಲ್ಲೂ ಬಂದಿರಲಿಲ್ಲ.

ಯಾರದೋ ಮದುವೆಗೆ ನಮ್ಮೂರಿಗೆ ಬಂದಿದ್ದ ಮಾಸ್ತರರು ಅದನ್ನು ನೋಡಿದರು. ನಾನು ದಂಡೆ ಹತ್ತುವ ತನಕ ಅಲ್ಲಿಂದ ಕದಲಲಿಲ್ಲ. "ಲೇ, ಹೈದರಾಬಾದಿನ ಕಾಲೇಜಿನ್ಯಾಗ ಛಲೋ ಈಜವರಿಗೆ ಸೀಟು ಕೊಡ್ತಾರ. ಊಟ, ವಸತಿ ಎಲ್ಲಾ ಪುಕ್ಕಟೆ. ನೀ ಹೋಗ್ತಿ ನೋಡು" ಅಂದರು. ಮ್ಯಾಟ್ರಿಕ್ ಮುಗಿಸಿದರೆ ನನ್ನನ್ನು ಹೊಲಕ್ಕೆ ಹಚ್ಚುವುದೆಂದು ಅಪ್ಪ ಆಗಲೇ ನಿಶ್ಚಯಿಸಿದ್ದ. ಕಾಲೇಜಿಗೆ ಹೋಗಲು ನನಗಿದ್ದದ್ದು ಇದೊಂದೇ ದಾರಿ.

ಮಾಸ್ತರರು ಕುಷ್ಟಗಿ ಕಡೆಯ ಒಣ ಸೀಮೆಯವರು. ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಿದ್ದರು. ಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದು, ತಾವೇ ರೊಟ್ಟಿ ಬಡಿದು, ಅರ್ಧ ಸುಟ್ಟಿದ್ದನ್ನೇ ತಿನ್ನುತ್ತಿದ್ದರು. ಮೈದಾನದಲ್ಲಿ ಅಷ್ಟು ಗಟ್ಟಿ ದನಿಯ ಮನುಷ್ಯ, ಸಂಜೆಯಾದರೆ ಮಾತಾಡಲು ಒಬ್ಬರಿಲ್ಲದೆ ಬಾಗಿಲಲ್ಲಿ ಕೂತಿರುತ್ತಿದ್ದರು. ನನ್ನ ಈಜು ಸಿಕ್ಕಮೇಲೆ ಅವರಿಗೊಂದು ಕೆಲಸ ಸಿಕ್ಕಿತು. ಕಾಲೇಜಿಗೆ ಉರ್ದುವಿನಲ್ಲಿ ಕಾಗದದ ಮೇಲೆ ಕಾಗದ ಬರೆದರು. ಕಡೆಗೊಂದು ಉತ್ತರ ಬಂತು: ನೂರು ಗಜ ಈಜಲು ಎಷ್ಟು ಹೊತ್ತು ಹಿಡಿಯುತ್ತದೆ, ತಿಳಿಸಿ.

ಬಾವಿ ಹಗ್ಗ ತಂದು, ಹೊಳೆ ಇಕ್ಕಟ್ಟಾಗಿ ಹರಿಯುವ ಕಡೆ ಎರಡು ಬಂಡೆಗಳ ನಡುವೆ ನೂರು ಗಜ ಅಳೆದೆವು. ಶುಕ್ರವಾರ ಬಂತೆಂದರೆ ಮಾಸ್ತರರು ಹೆಡ್ ಮಾಸ್ತರರ ಚೈನಿನ ಗಡಿಯಾರ ಕಾಡಿ ಬೇಡಿ ಇಸಿದುಕೊಂಡು, ಕೊಪ್ಪಳದಿಂದ ಸೈಕಲ್ ತುಳಿದು ಬರುತ್ತಿದ್ದರು. ಪಾದ ಮುಳುಗುವ ನೀರಿಗೂ ಇಳಿಯುತ್ತಿರಲಿಲ್ಲ, ಅಷ್ಟು ಹೆದರಿಕೆ. ಬಂಡೆಯ ಮೇಲೆ ನಿಂತೇ "ಎಳೀ! ಎಳೀ!" ಎಂದು ಕೂಗುತ್ತಿದ್ದರು. ನಾನೊಮ್ಮೆ, "ಬಾವ್ಯಾಗೂ ಈಜಿ ನೋಡ್ಲೇನ್ರಿ ಸರ?" ಅಂದೆ. "ನೀರು ಅಂದ್ರ ನೀರಪಾ, ಅದರಾಗೇನು ಬ್ಯಾರೆ?" ಅಂದರು. ಒಣ ಸೀಮೆಯವರು, ಅವರಿಗೆ ತಿಳಿಯದಿದ್ದದ್ದು ಸರಿಯೇ. ಹೊಳೆದಂಡೆಯಲ್ಲಿ ಹುಟ್ಟಿದ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಹಿಡಿದ ಹೊತ್ತನ್ನು ಬರೆದು ಕಳಿಸಿದ ಮೇಲೆ, ಮ್ಯಾಟ್ರಿಕ್ಕಿಗೆ ಇನ್ನೂ ಒಂದು ವರ್ಷವಿರುವಾಗಲೇ, ಈಜಿನ ಪರೀಕ್ಷೆಗೆ ಕರೆ ಬಂತು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಒಬ್ಬನೇ ಹೈದರಾಬಾದಿಗೆ ಹೋದೆ. ಮಾಸ್ತರರಿಗೆ ರಜೆ ಸಿಗಲಿಲ್ಲ. ಕಾಲೇಜಿನದು ಕಲ್ಲು ಕಟ್ಟಿದ ಉದ್ದನೆಯ ಈಜುಕೊಳ; ಕನ್ನಡಿಯ ಹಾಗೆ ನಿಂತ ನೀರು. ನಾಲ್ಕು ಹುಡುಗರು ಸಾಲಾಗಿ ನಿಂತೆವು. ಅವರವರ ನಡುವೆ ಉರ್ದುವಿನ ಚೇಷ್ಟೆ, ನಗು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಸೀಟಿ ಊದಿದರು, ಹಾರಿದೆ.

ಹೊಳೆಯಲ್ಲಿ ಎದುರಿನ ಬಂಡೆ ಮುಟ್ಟಬೇಕೆಂದರೆ ನಾವು ಬಂಡೆಗೆ ಗುರಿಯಿಡುವುದಿಲ್ಲ. ಹತ್ತು ಮಾರು ಬಲಕ್ಕೆ, ಸೆಳವು ಬರುವ ದಿಕ್ಕಿಗೆ ಈಜುತ್ತೇವೆ. ಸೆಳವೇ ಕೆಳಗೆ ತಂದು ಬಂಡೆಗೆ ಮುಟ್ಟಿಸುತ್ತದೆ. ಮೈಗೆ ಹತ್ತಿದ ಆ ರೂಢಿ ನನ್ನನ್ನು ಬಲಕ್ಕೇ ಎಳೆಯಿತು. ಅಲ್ಲಿ ಸೆಳವೆಲ್ಲಿಂದ ಬರಬೇಕು? ಪಕ್ಕದ ಹುಡುಗನ ಮೇಲೆ ಬಿದ್ದೆ, ಅವನು ಒದ್ದ. ಸರಿಪಡಿಸಿಕೊಂಡು ಎರಡು ಕೈ ಎಳೆಯುವಷ್ಟರಲ್ಲಿ ಮತ್ತೆ ಬಲಕ್ಕೇ ಹೋಗಿ ಗೋಡೆಗೆ ಹಣೆ ಬಡಿಸಿಕೊಂಡೆ. ದಂಡೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪರೀಕ್ಷೆ ಮಾಡುತ್ತಿದ್ದ ಹಿರಿಯರು ಏನೋ ಹೇಳಲು ಬಂದರು, ನಾನು ನಿಲ್ಲಲಿಲ್ಲ. ಒದ್ದೆ ಮೈಯಲ್ಲೇ ಅಂಗಿ ಏರಿಸಿಕೊಂಡು ಸ್ಟೇಷನ್ನಿಗೆ ಓಡಿದೆ.

ಮಾಸ್ತರರು ಕೊಪ್ಪಳದ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಅವರ ಮುಖ ನೋಡಿದೊಡನೆ ಬಾಯಿಗೆ ಸುಳ್ಳು ಬಂತು. "ನನ್ನ ನೀರಿಗೇ ಇಳಸಲಿಲ್ರಿ ಸರ. ಹಳ್ಳ್ಯಾಂವ ಅಂತ ವಾಪಸ್ ಕಳಿಸಿದ್ರು" ಅಂದೆ. ಅವರ ಮುಖ ಕೆಂಪಾಯಿತು. "ನನ್ನ ಹುಡುಗನ್ನ ಹಂಗ ಅಂದ್ರೇನು ಅವರು?" ಎಂದು ಅಂದೇ ಕಾಲೇಜಿಗೆ ಖಾರವಾದ ಕಾಗದ ಬರೆದು ಹಾಕಿದರು.

ತಿಂಗಳ ಮೇಲೆ ಉತ್ತರ ಬಂತು. ಅದನ್ನು ನನ್ನ ಕೈಗೇ ಕೊಟ್ಟು, ಓದು ಅಂದರು. ಹುಡುಗ ಈಜಿದ್ದಾನೆ, ತೋಳಿನಲ್ಲಿ ಬಲವಿದೆ, ಆದರೆ ಸೀದಾ ಹೋಗುವುದಿಲ್ಲ, ನಿಂತ ನೀರಿನಲ್ಲಿ ಅಭ್ಯಾಸ ಮಾಡಿಸಿ, ಮುಂದಿನ ವರ್ಷ ಮ್ಯಾಟ್ರಿಕ್ ಆದಮೇಲೆ ತಪ್ಪದೆ ಕಳಿಸಿ, ಎಂದಿತ್ತು. ಮಾಸ್ತರರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. "ಹೊಳ್ಯಾಗ ಈಜಿಸಿದಾಂವ ನಾನು, ತಪ್ಪು ನಂದ. ಇರ್ಲಿ, ನಾಳಿ ಮುಂಜಾನೆ ಸಾಲಿ ಹಿಂದಿನ ತ್ವಾಟದ ಬಾವಿಗೆ ಬಾ" ಅಂದರು.

ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆರನೆಯದೋ ಏಳನೆಯದೋ ದಿನ ತೋಟದ ಬೇಲಿಯ ಮರೆಯಿಂದ ಇಣುಕಿದೆ. ಮೆಟ್ಟಿಲ ಬಾವಿಯಲ್ಲಿ ಮಾಸ್ತರರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ನೀರಿಗಿಳಿದಿದ್ದರು! ಕೈಕಾಲು ಬಡಿಯುತ್ತಾರೆ, ನೀರು ಕುಡಿಯುತ್ತಾರೆ, ಕೆಮ್ಮುತ್ತಾರೆ, ಮೆಟ್ಟಿಲು ಹಿಡಿದು ನಿಲ್ಲುತ್ತಾರೆ, ಮತ್ತೆ ಇಳಿಯುತ್ತಾರೆ. ನನಗೆ ಕಲಿಸಬೇಕೆಂದು ನಲವತ್ತು ದಾಟಿದ ಆ ಮನುಷ್ಯ ತಾನು ಕಲಿಯುತ್ತಿದ್ದ. ಓಡಿಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಸದ್ದಾಗದ ಹಾಗೆ ಹಿಂದಕ್ಕೆ ಸರಿದು ಮನೆಗೆ ಬಂದೆ.

ಮುಂದೆ ಅವರಿಗೆ ಯಲಬುರ್ಗಿಗೆ ವರ್ಗವಾಯಿತು. ಚಕ್ಕಡಿ ಹತ್ತುವಾಗ ಹುಡುಗರ ಗುಂಪಿನ ಹಿಂದೆ ಅಡಗಿದ್ದ ನನ್ನನ್ನು ಹುಡುಕಿ, "ಇನ್ನೂ ವ್ಯಾಳ್ಯಾ ಐತಿ, ಬಾವಿ ಬಿಡಬ್ಯಾಡ. ಹೈದರಾಬಾದಿಗೆ ಹೋದ ಮ್ಯಾಲೆ ಕಾಗದ ಬರಿ" ಅಂದರು. ಹೂಂ ಅಂದೆ. ಬಾವಿಯ ಕಡೆ ತಲೆ ಹಾಕಲಿಲ್ಲ. ಮ್ಯಾಟ್ರಿಕ್ ಆಯಿತು, ಹೈದರಾಬಾದಿಗೂ ಹೋಗಲಿಲ್ಲ. ಎರಡು ವರ್ಷ ಹೊಲ ಮಾಡಿ ಆಮೇಲೆ ತಹಶೀಲ ಕಚೇರಿಯಲ್ಲಿ ಗುಮಾಸ್ತನಾದೆ.

ಕೆಲವು ವರ್ಷ ಬಿಟ್ಟು ನನಗೂ ಯಲಬುರ್ಗಿಗೇ ವರ್ಗವಾಯಿತು. ಹೋದ ದಿನವೇ ಶಾಲೆಗೆ ಹೋಗಿ ಕೇಳಿದೆ. ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡರು, ನಮ್ಮವರು ಎಂದು ಯಾರೂ ಬರಲಿಲ್ಲ ಎಂದು ಶಾಲೆಯ ಜವಾನ ಹೇಳಿದ. "ದಿನಾ ಟಪಾಲು ಬಂದ ಕೂಡ್ಲೆ ಬಂದು ಕೇಳ್ತಿದ್ರು ನೋಡ್ರಿ, ಹೈದರಾಬಾದಿಂದ ಕಾಗದ ಬಂತೇನು ಅಂತ. 'ನನ್ನ ಹುಡುಗ ಅಲ್ಲಿ ಕಾಲೇಜಿನ್ಯಾಗ ಅದಾನ, ಭಾಳ ಛಲೋ ಈಜ್ತಾನ' ಅಂತ ಎಲ್ಲರ ಮುಂದೂ ಹೇಳ್ತಿದ್ರು. ನೀವು ಕೊಪ್ಪಳದ ಕಡ್ಯಾವ್ರು, ಆ ಹುಡುಗ ನಿಮಗ ಗೊತ್ತೇನ್ರಿ?"

ಗೊತ್ತಿಲ್ಲ ಅಂದೆ.

ಇಂದು ಮನೆಯಲ್ಲಿ ಒಬ್ಬನೇ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಹುಡುಗ ನಾನೇ ಎಂದು ಅಂದು ಆ ಜವಾನನಿಗಾದರೂ ಹೇಳಬೇಕಾಗಿತ್ತು... ಈಗ ಅವನೂ ಇಲ್ಲ.