ಅಳಿಯನ ಅಂಗಡಿಯದಲ್ಲದ ಬ್ಯಾಟರಿ

ಲಕ್ಷ್ಮೇಶ್ವರದ ನಮ್ಮ ಓಣಿಯ ಗಂಡಸರು ಮೈ ಬಗ್ಗಿಸಿ ಮಾಡುವ ಕೆಲಸ ಒಂದೇ: ದಿನಾ ಬೆಳಿಗ್ಗೆ ಮಾಶಾಕನ ವ್ಯಾನು ತಳ್ಳುವುದು. ಒಂದು ಕೊಡ ನೀರು ಎತ್ತಿಡಿ ಎಂದರೆ ನನ್ನ ಗಂಡನಿಗೆ ಸೊಂಟ ಹಿಡಿಯುತ್ತದೆ. ಹೊರಗೆ ‘ಬರ್ರಪೋ, ಒಂದ್ ಕೈ ಹಚ್ರಿ’ ಎಂಬ ಕೂಗು ಕೇಳಿದರೆ ಮಾತ್ರ ಅದೇ ಸೊಂಟ ನೆಟ್ಟಗಾಗಿ, ಲುಂಗಿ ಮಡಚಿಕೊಂಡು ಓಡುತ್ತದೆ.

ಮಾಶಾಕ ನಮ್ಮ ಎದುರು ಮನೆಯ ಬಳೆಗಾರ. ಓಣಿಗೆಲ್ಲ ಕಾಕಾ. ಶಿರಹಟ್ಟಿ, ಮುಂಡರಗಿ ಸಂತೆಗಳಿಗೆ ಬಳೆ ಒಯ್ದು ಮಾರುತ್ತಾನೆ. ತಳ್ಳಿದಾಗ ವ್ಯಾನು ಒಮ್ಮೆ ಜಗ್ಗಿ, ಒಳಗಿನ ಬಳೆಗಳೆಲ್ಲ ಘಲ್ಲೆಂದು, ಹೊಗೆ ಉಗುಳಿ ಹೊರಡುತ್ತದೆ. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಹೊಸದು ಹಾಕಿಸಬಾರದೇ ಎಂದರೆ, ‘ಓಣ್ಯಾಗ ಇಷ್ಟು ಬ್ಯಾಟರಿ ಅದಾವ, ಇನ್ನೊಂದ್ಯಾಕ?’ ಎಂದು ಗಂಡಸರ ಕಡೆ ಕೈ ತೋರಿಸುತ್ತಿದ್ದ.

ತಮಾಷೆ ಏನೆಂದರೆ, ಕಾಕಾನ ಅಳಿಯ ನವಾಜ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಒಂದು ಫೋನು ಮಾಡಿದರೆ ಸಾಕು, ಬ್ಯಾಟರಿ ಮನೆ ಬಾಗಿಲಿಗೆ ಬರುತ್ತಿತ್ತು. ಆದರೆ ಕಾಕಾನದು ಒಂದು ಹಟ. ಹೆಣ್ಣು ಕೊಟ್ಟ ಮನೆಯಿಂದ ಕಡ್ಡಿಯನ್ನೂ ತಗೋಬಾರದು ಎಂದು ಅವನ ಅಪ್ಪ ಹೇಳಿದ್ದನಂತೆ. ಅಪ್ಪ ಹೇಳಿದ್ದನ್ನು ಕಾಕಾ ಇನ್ನೂ ಬಿಗಿ ಮಾಡಿಕೊಂಡಿದ್ದ. ಬೆಟಗೇರಿಗೆ ಮಗಳನ್ನು ನೋಡಲು ಹೋದರೆ ಬಾಟಲಿಯಲ್ಲಿ ಮನೆಯ ನೀರು ಒಯ್ಯುತ್ತಿದ್ದ. ಹೆಂಡತಿ ರೋಶನಬಿ ಪಕ್ಕದಲ್ಲೇ ಕುಳಿತು ಎರಡು ಕಪ್ಪು ಚಹಾ, ಮೇಲೆ ತಾಟು ತುಂಬ ಖಾರಾ ಮುಗಿಸುವಾಗ ಈ ಮಹಾರಾಯ ತನ್ನ ಬಾಟಲಿಯ ಬಿಸಿ ನೀರು ಗುಟುಕರಿಸುತ್ತ ಕೂರುತ್ತಿದ್ದ. ಅಳಿಯನ ಮುಖ ಸಣ್ಣದಾಗುತ್ತಿತ್ತು. ಅದರ ಖಬರೇ ಇವನಿಗಿರಲಿಲ್ಲ.

ಮಗಳು ಜಾಸ್ಮಿನ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗದಗಿನ ಡಾಕ್ಟರಮ್ಮ ಆಕೆಯನ್ನು ನೋಡಿ, ‘ಕೂಸು ಸ್ವಲ್ಪ ಓರೆ ಅದ. ನೋವು ಶುರು ಆದ ಕೂಡ್ಲೇ ಇಲ್ಲಿಗೆ ಕರಕೊಂಡ್ ಬರ್ರಿ, ತಡ ಮಾಡಬ್ಯಾಡ್ರಿ’ ಎಂದು ಕಾಕಾನ ಮುಖಕ್ಕೇ ಹೇಳಿದ್ದಳು. ಆ ದಿನದಿಂದ ಕಾಕಾನ ನಗೆ ನಿಂತಿತು. ಮೊದಲ ಹೆರಿಗೆ ತವರಿನ ಜವಾಬ್ದಾರಿ; ಮಗಳನ್ನು ತನ್ನ ಗಾಡಿಯಲ್ಲೇ ಒಯ್ಯಬೇಕು; ಆ ಗಾಡಿಯೋ, ಓಣಿಯ ಗಂಡಸರು ಮನೆಯಲ್ಲಿದ್ದರೆ ಮಾತ್ರ ಚಾಲೂ ಆಗುವಂಥದ್ದು.

ನವಾಜ ಫೋನಿನಲ್ಲಿ ಅಂಗಲಾಚಿದ. ‘ಮಾಮಾ, ಹೊಸಾ ಬ್ಯಾಟರಿ ತರ್ತೀನಿ, ನಾನ ಕುಂಡ್ರಿಸಿ ಕೊಡ್ತೀನಿ. ಇಲ್ಲ ಅನಬ್ಯಾಡ್ರಿ.’

‘ನಿಮಗ್ಯಾಕ ತ್ರಾಸ, ಅಳಿಯಂದ್ರ?’ ಎಂದ ಕಾಕಾ, ಬೆಣ್ಣೆಯಂಥ ದನಿಯಲ್ಲಿ. ‘ಇಲ್ಲೆಲ್ಲಾ ವ್ಯವಸ್ಥಾ ಆಗೇತಿ.’

ವ್ಯವಸ್ಥೆ ಏನು ಮಣ್ಣೂ ಆಗಿರಲಿಲ್ಲ. ಫೋನಿಟ್ಟವನೇ ಗದಗಿಗೆ ಹೋಗಿ, ಅಳಿಯನ ಅಂಗಡಿ ಇರುವ ರಸ್ತೆಯನ್ನು ಸುತ್ತು ಹಾಕಿ ತಪ್ಪಿಸಿ, ಬೇರೆಲ್ಲಿಂದಲೋ ಬ್ಯಾಟರಿ ತಂದ. ‘ಅಳಿಯನ ಅಂಗಡಿ ಬಿಟ್ಟು ಮಂದಿ ಅಂಗಡ್ಯಾಗ ತಗೊಂಡ್ ಬಂದಾರ. ಎಲ್ಲ್ಯರ ಹೇಳ್ಕೊಳ್ಳೂ ಹಂಗ ಐತೇನವಾ?’ ಎಂದು ರೋಶನಬಿ ನಮ್ಮ ಕಟ್ಟೆಯ ಮೇಲೆ ಕುಳಿತು ಹಣೆ ಬಡಿದುಕೊಂಡಳು.

ಕೂಡಿಸುವುದಕ್ಕೆ ಮೆಕ್ಯಾನಿಕ್ಕೂ ಬೇಡವಂತೆ. ‘ನನ್ನ ಗಾಡಿ, ನನ್ನ ಕೈ’ ಎಂದ. ಭಾನುವಾರ ಬೆಳಿಗ್ಗೆ ಓಣಿಯೆಲ್ಲ ನೆರೆಯಿತು. ಕಾಕಾ ಸೀಟು ಎತ್ತಿ, ನಟ್ಟು ತಿರುವುವ ಪಾನಾ ಹಿಡಿದು, ಮೊದಲು ಮೈನಸ್ ತಂತಿ ಬಿಚ್ಚಿದ, ಆಮೇಲೆ ಪ್ಲಸ್ಸು. ಹಳೆಯ ಬ್ಯಾಟರಿಯನ್ನು ಎತ್ತಿ ಕೆಳಗಿಟ್ಟ. ಹೊಸದನ್ನು ಎದೆಗವಚಿಕೊಂಡು ತಂದು ಕೂಡಿಸಿದ. ಖರೆ ಹೇಳಬೇಕೆಂದರೆ, ಅಲ್ಲಿಯವರೆಗೆ ಒಂದು ತಪ್ಪೂ ಇರಲಿಲ್ಲ. ನನಗೂ ಮೆಚ್ಚಿಗೆಯಾಯಿತು.

ಆಗ ನಮ್ಮ ಅತ್ತೆ ಪದ್ಮಾಬಾಯಿ ಎದ್ದರು. ನಮ್ಮ ಮನೆಯಲ್ಲಿ ಹೊಸ ಮಿಕ್ಸರ್ ಬಂದರೂ ಅದಕ್ಕೆ ಕುಂಕುಮವಿಲ್ಲದೆ ಚಟ್ನಿ ಇಲ್ಲ.

‘ಮಾಶಾಕಾ, ತಡೀ. ಬಸುರಿ ಹುಡುಗಿ ಕೂಡೂ ಗಾಡಿ, ಹೊಸಾ ಸಾಮಾನು. ಪೂಜಾ ಇಲ್ಲದ ಹಂಗೇ ಬಿಗಿತೀ ಏನು?’

‘ಹಚ್ರಿ ಬಾಯಾರ. ನಿಮ್ಮ ಕೈಲೆ ಛಲೋ ಆಗ್ಲಿ’ ಎಂದ ಕಾಕಾ, ಪಕ್ಕಕ್ಕೆ ಸರಿದು.

ಅತ್ತೆ ಅರಿಶಿಣವನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ, ಬ್ಯಾಟರಿಗೆ ಎರಡು ಕೊಂಬು ಇವೆಯಲ್ಲ, ತಂತಿ ಸಿಕ್ಕಿಸುವ ಜಾಗ, ಸರಿಯಾಗಿ ಅವಕ್ಕೇ ಮೆತ್ತಿದರು. ಮೇಲೆ ಕುಂಕುಮ. ಇದನ್ನು ನೋಡಿದ ರೋಶನಬಿ ಸುಮ್ಮನಿದ್ದಾಳೆಯೇ? ಒಳಗೆ ಓಡಿ ದರ್ಗಾದಿಂದ ತಂದಿಟ್ಟಿದ್ದ ಸಂದಲ್ ಗಂಧ ತಂದು ಅದರ ಮೇಲೆ ಇನ್ನೊಂದು ಪದರು ಬಳಿದಳು. ಎರಡೂ ಕಡೆಯ ಆಶೀರ್ವಾದ ಗಟ್ಟಿಯಾಗಿ ಕೂತಿತು. ಅದನ್ನು ಒರೆಸುವ ಧೈರ್ಯ ಯಾರಿಗಿದೆ? ಕಾಕಾ ‘ಬಿಸ್ಮಿಲ್ಲಾ’ ಎಂದು ಅದರ ಮೇಲೇ ತಂತಿಯ ಕ್ಲಾಂಪು ಕೂಡಿಸಿ ಬಿಗಿದ.

ಚಾವಿ ತಿರುವಿದ. ಒಂದೇ ಏಟಿಗೆ ವ್ಯಾನು ಗುರ್ ಎಂದಿತು. ಚಪ್ಪಾಳೆಯೇ ಚಪ್ಪಾಳೆ! ತಳ್ಳಲೆಂದು ಅಭ್ಯಾಸಬಲದಿಂದ ಹಿಂದೆ ನಿಂತಿದ್ದ ನನ್ನ ಗಂಡನ ಮುಖ ಮಾತ್ರ, ಕೆಲಸದಿಂದ ತೆಗೆದುಹಾಕಿದವರ ಹಾಗಿತ್ತು. ಕಾಕಾ ಅಂದು ಸಂಜೆಯವರೆಗೆ ಹೋದವರನ್ನೂ ಬಂದವರನ್ನೂ ನಿಲ್ಲಿಸಿ, ‘ಕೇಳ್ರಿಲ್ಲೆ’ ಎಂದು ಚಾಲೂ ಮಾಡಿ ತೋರಿಸಿದ. ಹಾಲಿನವನಿಗೆ ಎರಡು ಸಲ ತೋರಿಸಿದ.

ಮರುದಿನ ಮಧ್ಯಾಹ್ನ, ಗಂಡಸರೆಲ್ಲ ಹೊರಗೆ ಹೋಗಿದ್ದಾಗ ಜಾಸ್ಮಿನಳಿಗೆ ನೋವು ಶುರುವಾಯಿತು. ಬಿಸಿಲೋ ಬಿಸಿಲು. ಆಕೆಯನ್ನು ನಾನೂ ರೋಶನಬಿಯೂ ಹಿಡಿದು ವ್ಯಾನಿನಲ್ಲಿ ಕೂಡಿಸಿದೆವು. ಕಾಕಾ ಗತ್ತಿನಿಂದ ಚಾವಿ ತಿರುವಿದ.

ಟಿಕ್.

ಮತ್ತೆ ತಿರುವಿದ. ಟಿಕ್. ದೀಪ ಉರಿಯುತ್ತದೆ, ಹಾರ್ನು ಕೂಗುತ್ತದೆ, ಎಂಜಿನ್ನು ಮಾತ್ರ ಕದಲದು. ಕಾಕಾನ ಹಣೆಯಿಂದ ಬೆವರು ದಳದಳ ಇಳಿಯಿತು. ಜಾಸ್ಮಿನ ನನ್ನ ಕೈಯನ್ನು ಹಿಂಡಿದಳು. ಆಂಬುಲೆನ್ಸಿಗೆ ಫೋನು ಮಾಡಿದರೆ, ಯಾವುದೋ ಹಳ್ಳಿಗೆ ಹೋಗಿದೆ, ಬರುವುದು ತಡ ಎಂದರು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮೋಟರ್ ಸೈಕಲ್ ಸದ್ದು. ಹೆಂಡತಿಯನ್ನು ನೋಡಲೆಂದು ಅಳಿಯ ನವಾಜ ಬಂದಿದ್ದ, ಕೈಯಲ್ಲಿ ಹಣ್ಣಿನ ಚೀಲ. ಒಂದೇ ನೋಟಕ್ಕೆ ಎಲ್ಲ ತಿಳಿಯಿತು ಅವನಿಗೆ.

‘ಮಾಮಾ, ಸೀಟ್ ಎತ್ರಿ. ಒಂದ್ ಸಲ ನೋಡ್ತೀನಿ.’

‘ಏನೂ ಬ್ಯಾಡ. ಬ್ಯಾಟರಿ ಹೊಸಾದೈತಿ.’

‘ಹೊಸಾದಿದ್ರ ಚಾಲೂ ಯಾಕ ಆಗವಲ್ದು?’

‘ಅಳಿಯಂದ್ರ, ಇದು ನಮ್ಮ ಜವಾಬ್ದಾರಿ...’

ನನಗೆ ತಡೆಯಲಾಗಲಿಲ್ಲ. ‘ಕಾಕಾ, ನಿಮ್ಮ ಜವಾಬ್ದಾರಿಗೆ ಬೆಂಕಿ ಹತ್ತಲಿ! ಹುಡುಗಿ ಇಲ್ಲೇ ಹಡದರ ಏನ್ ಮಾಡ್ತೀರಿ? ಅವ್ರ ಕೈಲಿಂದ ರಿಪೇರಿ ಮಾಡಿಸ್ಕೊಳ್ಳೂದಿಲ್ಲ ಅಂದ್ರ ತಳ್ಳಲಿಕ್ಕರ ಬಿಡ್ರಿ!’

ಕಾಕಾ ಕ್ಲಚ್ಚು ತುಳಿದು ಗಿಯರು ಹಾಕಿ ಕೂತ. ಅಷ್ಟೇ ಒಪ್ಪಿಗೆ. ಬೆಟಗೇರಿಯ ಬ್ಯಾಟರಿ ಅಂಗಡಿಯ ಮಾಲಕ ಹಣ್ಣಿನ ಚೀಲ ಕೆಳಗೆ ಬಿಸಾಕಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಾವನ ವ್ಯಾನಿಗೆ ಹೆಗಲು ಕೊಟ್ಟ. ಒಂದು ಕಡೆ ನಾನು, ಒಂದು ಕಡೆ ನಮ್ಮ ಅತ್ತೆ. ಅತ್ತೆ ತಳ್ಳಿದ್ದಕ್ಕಿಂತ ರಾಯರನ್ನು ಕರೆದದ್ದೇ ಹೆಚ್ಚು. ಇಳಿಜಾರಿನಲ್ಲಿ ವ್ಯಾನು ಜಗ್ಗಿ, ಕೆಮ್ಮಿ, ಚಾಲೂ ಆಯಿತು. ನಾನು ಓಡುತ್ತಲೇ ಹತ್ತಿದೆ. ನವಾಜ ಮೋಟರ್ ಸೈಕಲ್ ತಿರುಗಿಸಿ ಹಿಂದೆ ಬಿದ್ದ.

ಗದಗಿನವರೆಗೆ ಕಾಕಾ ಎಂಜಿನ್ ನಿಲ್ಲಗೊಡಲಿಲ್ಲ. ದಾರಿಯ ಮಾಗಡಿ ಕೆರೆಯ ಹತ್ತಿರ ಕುರಿಹಿಂಡು ಅಡ್ಡ ಬಂದಾಗ ಎಂಜಿನ್ ನಿಂತೀತೆಂದು ಎಕ್ಸಿಲೇಟರು ಒತ್ತಿ ಒತ್ತಿ, ಕುರುಬನ ಬೈಗುಳವನ್ನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಸ್ಪತ್ರೆಯ ಬಾಗಿಲಲ್ಲಿ ನಾವೆಲ್ಲ ಇಳಿದೆವು. ಅವನು ಇಳಿಯಲಿಲ್ಲ. ಒಳಗೆ ಮಗಳು ನರಳುತ್ತಿದ್ದಾಳೆ, ಹೊರಗೆ ಅಪ್ಪ ಎಂಜಿನ್ನು ಗುರುಗುಟ್ಟಿಸುತ್ತ ಸ್ಟೇರಿಂಗು ಹಿಡಿದು ಕೂತಿದ್ದಾನೆ. ವಾಚಮನ್ ಬಂದು, ‘ಬಂದ್ ಮಾಡ್ರಿ ಯಜಮಾನ್ರ, ಹೊಗಿ ಒಳಗ ಬರಾಕತ್ತೇತಿ’ ಎಂದ. ಕಾಕಾ ವ್ಯಾನನ್ನು ನಾಲ್ಕು ಮಾರು ಮುಂದೆ ಸರಿಸಿದ, ಬಂದ್ ಮಾಡಲಿಲ್ಲ.

ಸಂಜೆಯ ಹೊತ್ತಿಗೆ ನವಾಜ ಹೊರಗೆ ಓಡಿಬಂದ. ನಾನು ಹಿಂದೆಯೇ ಇದ್ದೆ. ಅವನ ಕಣ್ಣುಗಳು ತುಂಬಿದ್ದವು.

‘ಮಾಮಾ, ಹೆಣ್ಣು ಕೂಸು! ಜಾಸ್ಮಿನ ಆರಾಮ ಅದಾಳ. ಒಳಗ ಬರ್ರಿ, ನಿಮ್ಮನ್ನ ಕೇಳಾಕತ್ತಾಳ.’

ಕಾಕಾನ ಮುಖ ಅರಳಿತು, ಕೂಡಲೇ ಬಾಡಿತು. ಚಾವಿಯ ಮೇಲೆ ಕೈ ಇಟ್ಟು ಹಾಗೇ ಕೂತ.

‘ಹೆಂಗ ಬರ್ಲಿ? ಇದನ್ನ ಬಂದ್ ಮಾಡಿದ್ರ ಈ ಊರಾಗ ತಳ್ಳೋರು ನನಗ ಯಾರದಾರ?’

‘ನಾ ಇಲ್ಲೇನ್ರಿ?’ ಎಂದ ನವಾಜ.

ಕಾಕಾ ಅಳಿಯನನ್ನೇ ನೋಡಿದ. ತಳ್ಳುವಾಗ ಹರಿದ ಅಂಗಿ, ಹೆಗಲ ಮೇಲೆ ವ್ಯಾನಿನ ಧೂಳು. ಚಾವಿ ತಿರುವಿದ. ಎಂಜಿನ್ನು ನಿಂತು ಎಲ್ಲ ಸದ್ದಡಗಿತು. ಆಮೇಲೆ ತಾನೇ ಇಳಿದು ಸೀಟು ಎತ್ತಿ, ಪಾನಾವನ್ನು ಅಳಿಯನ ಕೈಗೆ ಕೊಟ್ಟ.

ನವಾಜ ಕ್ಲಾಂಪು ಬಿಚ್ಚಿ ನೋಡಿದ. ಕೊಂಬುಗಳಿಗೂ ಕ್ಲಾಂಪಿಗೂ ನಡುವೆ ಅರಿಶಿಣ, ಕುಂಕುಮ, ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ಬೆರಳಿಂದ ಕೆರೆದು ಮೂಸಿದ.

‘ಇದೇನ್ರಿ ಮಾಮಾ?’

‘ದುವಾ’ ಎಂದ ಕಾಕಾ, ನನ್ನ ಕಡೆ ನೋಡುತ್ತ. ‘ಜಾಸ್ತಿ ಆತು. ಒರಸು.’

ನವಾಜ ಕರವಸ್ತ್ರದಿಂದ ಉಜ್ಜಿ, ಪಾನಾದ ಅಂಚಿನಿಂದ ಕೆರೆದು, ಮತ್ತೆ ಬಿಗಿದ. ಚಾವಿ ತಿರುವಿದ ಕೂಡಲೇ ವ್ಯಾನು ಎದ್ದಿತು. ಬಂದ್ ಮಾಡಿ ಚಾವಿಯನ್ನು ಮಾವನ ಮುಂದೆ ಹಿಡಿದ. ಕಾಕಾ ಅದನ್ನು ತೆಗೆದುಕೊಳ್ಳಲಿಲ್ಲ. ಸೀಟಿನ ಬದಿಯಲ್ಲಿದ್ದ ಮನೆಯ ನೀರಿನ ಬಾಟಲಿ ಎತ್ತಿ, ಅಳಿಯನ ಮಸಿ ಹತ್ತಿದ ಕೈಗಳ ಮೇಲೆ ಅಷ್ಟೂ ನೀರು ಸುರಿದು ತೊಳೆಸಿದ. ಬಾಟಲಿ ಖಾಲಿಯಾಯಿತು.

‘ಮೊದಲು ಕೂಸಿನ ಮಾರಿ ನೋಡೂಣು ನಡಿ’ ಎಂದ. ‘ಆಮ್ಯಾಲ ನಿಮ್ಮ ಮನಿಗೆ ಹೋಗೂಣು. ಒಂದು ಚಾ ಕುಡಸಪಾ ನನಗ.’