ಎಡಗೈಯ ಕುಡ್ಲು

ಆಗ ನನಗೆ ಐವತ್ತು ದಾಟಿತ್ತು. ಅದಾಗಿ ಹತ್ತು ಹನ್ನೆರಡು ವರ್ಷವಾಯಿತು. ಬೂಕನಕೆರೆಯಲ್ಲಿ ಕುಲುಮೆ ಇಟ್ಟಿದ್ದ ಆಚಾರಿ, ಯಾರೇ ಪೈರು ಕುಯ್ಯುವ ಕುಡ್ಲು ಮಾಡಿಸಲು ಬರಲಿ, ಮೊದಲು "ಕೈ ತೋರ್ಸು" ಅನ್ನುತ್ತಿದ್ದರು. ಅಂಗೈಯ ಜಡ್ಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಆಮೇಲೆ ತಿದಿ ಒತ್ತುವರು.

ನಾನು ಎಡಚಿ. ಭತ್ತ ಕುಯ್ಯುವಾಗ ಯಾವಾಗಲೂ ಹಿಂದೆ. ಆ ವರ್ಷ, ಒಬ್ಬರ ಗದ್ದೆಗೆ ಒಬ್ಬರು ಕೆಲಸಕ್ಕೆ ಬರುವ ಮುಯ್ಯಾಳಿನ ಹೆಂಗಸರು, "ನೀನು ಕಂತೆ ಕಟ್ಕೊಂಡಿರು, ಕುಯ್ಯಾಕೆ ಬರ್ಬೇಡ" ಅಂದುಬಿಟ್ಟರು. ಸಿಟ್ಟು ಬಂತು. ಕುಡ್ಲು ಎತ್ತಿಕೊಂಡು ನೇರ ಕುಲುಮೆಗೆ ಹೋದೆ.

"ಕೈ ತೋರ್ಸವ್ವ."

ಬಲಗೈ ಚಾಚಿದೆ. ಒತ್ತಿ ನೋಡಿ ನಕ್ಕರು. "ಇದು ಉಣ್ಣೋ ಕೈ. ಕುಯ್ಯೋ ಕೈ ತೋರ್ಸು."

ಎಡಗೈ ಕೊಟ್ಟೆ.

"ಈ ಕುಡ್ಲು ಯಾರು ಮಾಡ್ಸಿದ್ದು?"

"ನನ್ ಗಂಡ."

"ಅಂಗಾರೆ ಅವನ ಬಲಗೈ ನೋಡಿ ಹಲ್ಲು ಹಾಕಿವ್ನಿ. ಕುಯ್ಯೋಳು ನೀನು, ನೀನ್ಯಾಕೆ ಬರ್ನಿಲ್ಲ?"

ಹೊಸದೊಂದು ಬಡಿದು, ಎಡಗೈಗೆ ಒಗ್ಗುವಂತೆ ಹಲ್ಲನ್ನು ಆಚೆ ಮಗ್ಗುಲಿಗೆ ಹಾಕಿಕೊಟ್ಟರು. ಬೇಲಿಯ ಹುಲ್ಲಿಗೆ ಇಟ್ಟು ಎಳೆದೆ. ಸರಕ್ಕನೆ ಬಂತು!

ಮಾರನೆಯ ಬೆಳಿಗ್ಗೆ ಗದ್ದೆಗೆ ಮೊದಲು ಇಳಿದವಳು ನಾನೇ. ಆಚೆ ಬದು ಮುಟ್ಟಿ ತಿರುಗಿ ನೋಡಿದರೆ, ಅವರೆಲ್ಲ ಇನ್ನೂ ಗದ್ದೆ ನಡುವೆ ಬಗ್ಗಿದ್ದರು. ನಾನು ಮುಂದಿನ ಸಾಲು ಹಿಡಿದೆ.